ಪೈಪ್ ಬದಲಿಸುವ ಹೊತ್ತಿನಲ್ಲಿ ಕಡೆದ ಕ್ರ್ಯಾಂಕ್‌ಶಾಫ್ಟ್

1989ರಲ್ಲಿ, ಏಳನೇ ತರಗತಿಗೇ ನನ್ನ ಓದು ನಿಂತಿತು. ಕುಶಾಲನಗರದ ವರ್ಕ್‌ಶಾಪೊಂದರಲ್ಲಿ ಕಬ್ಬಿಣ ಕಡೆಯುವ ಲೇತ್ ಕೆಲಸ ಕಲಿತೆ. ಕೈ ಕುದುರಿದ ಮೇಲೆ ಹಳೆಯ ಲೇತೊಂದನ್ನು ಕೊಂಡು ಮನೆಯ ಹಿಂದಿನ ಶೆಡ್ಡಿನಲ್ಲಿ ಕೂರಿಸಿದೆ. ಬುಶ್ಶು, ಪಿನ್ನು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಶಾಫ್ಟು ಎಲ್ಲ ಕಡೆದಿದ್ದೆ. ಕ್ರ್ಯಾಂಕ್‌ಶಾಫ್ಟಿಗೆ ಮಾತ್ರ ಕೈ ಹಾಕಿರಲಿಲ್ಲ.

ಕಳೆದ ಮಾರ್ಚಿನಲ್ಲಿ ಪಕ್ಕದ ಕಾಫಿ ತೋಟದ ಅಕ್ಕನ ಪಂಪು ಠಣ್ಣೆಂದು ನಿಂತಿತು. ಅವರ ಕೆರೆಯ ತನಕ ಕರೆಂಟ್ ಲೈನಿಲ್ಲ, ಹಳೆಯ ಸಣ್ಣ ಎಂಜಿನ್ನೇ ಗತಿ. ಬಿಚ್ಚಿ ನೋಡಿದರೆ ಪಿಸ್ಟನ್ನು ತಳ್ಳಿದಾಗ ತಿರುಗುವ ಕ್ರ್ಯಾಂಕ್‌ಶಾಫ್ಟ್ ಎರಡು ತುಂಡು. ಆ ಎಂಜಿನ್ ಮಾಡುವುದನ್ನು ಕಂಪನಿಯವರು ಎಂದೋ ಬಿಟ್ಟಿದ್ದಾರೆ. ಕಾಫಿ ಹೂವರಳಿಸುವ ಹೂಮಳೆ ಹೆಸರಿಗಷ್ಟೇ ಹನಿಸಿ ಹೋಗಿತ್ತು. ಮೊಗ್ಗು ಅರ್ಧ ಎದ್ದು ನೀರಿಗೆ ಕಾಯುತ್ತಿತ್ತು. ಆ ವಾರ ನೀರು ಬೀಳದಿದ್ದರೆ ಮೊಗ್ಗು ಕರಟಿ ಅಕ್ಕನ ವರ್ಷದ ಫಸಲೇ ಹೋಗುತ್ತಿತ್ತು. ಪಂಪು ಕಡ ಕೊಡೋಣವೆಂದರೆ ಯಾರ ಪಂಪೂ ಅವರ ತೋಟಕ್ಕೇ ಸಾಲದ ಹೊತ್ತು.

ನಾನೇ ಮಾಡಿಕೊಡುತ್ತೇನೆ ಎಂದೆ. ಬಿಡಿಭಾಗದ ಅಂಗಡಿಯವನು ನಕ್ಕ. ಟಿಂಬರ್ ಮಿಲ್ಲಿನ ಹಳೆಯ ಶಾಫ್ಟಿನ ದಪ್ಪ ತುಂಡೊಂದನ್ನು ತಂದು ಲೇತಿಗೇರಿಸಿದೆ. ಕ್ರ್ಯಾಂಕ್‌ಶಾಫ್ಟಿನ ನಡುವಿನ ಪಿನ್ನು ಪಕ್ಕಕ್ಕೆ ಸರಿದಿರುತ್ತದೆ. ಅದನ್ನು ಕಡೆಯುವಾಗ ಇಡೀ ತುಂಡು ಓಲಾಡುತ್ತಾ ಪ್ರತಿ ಸುತ್ತಿಗೂ ಟೂಲಿಗೆ ಬಡಿಯುತ್ತದೆ. ಮೋಟಾರಿಗೆ ತುಂಬು ವೋಲ್ಟೇಜ್ ಬೇಕು. ಅದೇ ಲೈನಿನಲ್ಲಿ ಸುತ್ತ ಮೂರು ಎಸ್ಟೇಟಿನ ಕರೆಂಟ್ ಪಂಪುಗಳು ತೋಟಕ್ಕೆ ಜೆಟ್ಟಿನಿಂದ ನೀರು ಚಿಮ್ಮಿಸುತ್ತಾ ವೋಲ್ಟೇಜನ್ನೆಲ್ಲ ಎಳೆದುಕೊಳ್ಳುತ್ತಿದ್ದವು. ನನ್ನ ಲೇತ್ ನರಳಿ ನಿಂತಿತು, ಟೂಲಿನ ಮೂತಿ ಮುರಿಯಿತು.

ನೋಡಲು ಬಂದಿದ್ದ ಅಕ್ಕನಿಗೆ ಕಾರಣ ಹೇಳಿದೆ. ಆಕೆ ಚಪ್ಪಲಿ ಮೆಟ್ಟಿ ಸೀದಾ ಎಸ್ಟೇಟುಗಳಿಗೆ ನಡೆದರು, ಹಿಂದೆ ನಾನು. ಒಂದು ಕಬ್ಬಿಣದ ತುಂಡಿಗೋಸ್ಕರ ನೀರು ನಿಲ್ಲಿಸಬೇಕಾ ಎಂದು ಮೊದಲನೆಯ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಗೊಣಗಿದ.

"ಯಾರು ನಿಲ್ಸಿ ಅಂದ್ರು ಮಾರಾಯ? ಜೆಟ್ ಪೈಪ್ ಬೇರೆ ಸಾಲಿಗೆ ಬದಲಾಯಿಸೋಕೆ ಹೆಂಗೂ ಪಂಪ್ ಆಫ್ ಮಾಡ್ತೀರಲ್ಲ. ಮೂರೂ ತೋಟದೋರು ಒಂದೇ ಹೊತ್ತಿಗೆ ಮಾಡಿ. ಅಷ್ಟು ಸಾಕು ನಮ್ಮ ಹುಡುಗನಿಗೆ" ಎಂದರು ಅಕ್ಕ.

ಹುಡುಗ ಎಂದರೆ ನಾನು, ತಲೆ ಪೂರಾ ನರೆತವನು. ರೈಟರ್ ನನ್ನನ್ನು ನೋಡಿ ನಕ್ಕು ಒಪ್ಪಿದ, ಉಳಿದೆರಡು ಎಸ್ಟೇಟಿನವರೂ ಒಪ್ಪಿದರು.

ಮೂರೂ ಪಂಪು ನಿಂತ ಕೂಡಲೇ ಶೆಡ್ಡಿನ ಬಲ್ಬು ಬೆಳ್ಳಗಾಗುತ್ತಿತ್ತು. ಲೇತಿನ ಸದ್ದೇ ಬದಲಾಗುತ್ತಿತ್ತು. ಆಳುಗಳು ಪೈಪ್ ಹೊತ್ತು ಹೊಸ ಸಾಲಿಗೆ ಜೋಡಿಸುವಷ್ಟರಲ್ಲಿ ನಾನು ಸಿಕ್ಕಷ್ಟು ಕಡೆಯುತ್ತಿದ್ದೆ. ಬಲ್ಬು ಮಂಕಾದರೆ ಟೂಲ್ ಹಿಂದಕ್ಕೆಳೆದು ಅಳತೆ ನೋಡುತ್ತಾ, ಟೂಲ್ ಮಸೆಯುತ್ತಾ ಕೂರುತ್ತಿದ್ದೆ. ಹೀಗೆ ತುಂಡು ತುಂಡು ಹೊತ್ತಿನಲ್ಲಿ ಪಿನ್ನು ಮುಗಿಯಿತು, ಆಮೇಲೆ ಎರಡು ತುದಿ. ಬೇರಿಂಗಿನಲ್ಲಿ ಕೂರಿಸಿ ಬೆರಳಿನಿಂದ ತಳ್ಳಿದೆ. ಎಲ್ಲೂ ತಡೆಯದೆ ತಿರುಗಿತು.

ಎಂಜಿನ್ನಿಗೆ ಅದನ್ನು ಜೋಡಿಸಿ ಕೆರೆಯ ದಡದಲ್ಲಿ ಸ್ಟಾರ್ಟ್ ಮಾಡುವ ಹಗ್ಗ ಎಳೆದವನೂ ನಾನೇ. ಎಂಜಿನ್ ಒಮ್ಮೆ ಕೆಮ್ಮಿ ಹಿಡಿದುಕೊಂಡಿತು. ಮೇಲಿನ ತೋಟದಲ್ಲಿ ಜೆಟ್ಟು ಟಕಟಕನೆ ತಿರುಗಿದಾಗ ಅಕ್ಕ ಒದ್ದೆಯಾಗುತ್ತಾ ಅಲ್ಲೇ ನಿಂತಿದ್ದರು. ಮುಂದಿನ ವಾರ ಅವರ ತೋಟ ಪೂರ್ತಿ ಹೂಬಿಟ್ಟಿತು. ಹೆಮ್ಮೆಯಾಯಿತು, ಮುಚ್ಚಿಡುವುದೇಕೆ?

ಈಗ ನನ್ನಲ್ಲಿರುವುದು ಒಂದು ಲೇತ್, ಒಂದು ಡ್ರಿಲ್ಲಿಂಗ್ ಮೆಷಿನ್, ಒಂದು ಜೀಪು, ಮುಕ್ಕಾಲು ಎಕರೆ ಶುಂಠಿ, ಮತ್ತು ಕ್ರ್ಯಾಂಕ್‌ಶಾಫ್ಟ್ ಮಾಡಿಸಿಕೊಳ್ಳಲು ಬಂದು ಕೂತಿರುವ ಐದು ಎಂಜಿನ್.