ಹೊಸ್ತು ಉಣ್ಣದ ಫೋನು

ಗಂಗೊಳ್ಳಿಯ ಚೇತನಾಳಿಗೆ ಹೊಸತೆಂದರೆ ಪ್ರಾಣ. ಬ್ರೌಸರಿಗೆ ಅಪ್‌ಡೇಟ್ ಬಂದರೆ ಸಾಕು, ಅದರಲ್ಲಿ ಹೊಸದೇನಿದೆ ಎಂದು ಕೆದಕಿ ನೋಡದೆ ತಿಂಡಿ ಇಳಿಯದು. ಕುಂದಾಪುರದಲ್ಲಿ ವೆಬ್‌ಸೈಟ್ ಕಟ್ಟಲು ಕಲಿತವಳು, ಊರಿನ ಬೋಟುಗಳಿಗೆಂದು ಒಂದು ಪುಟ ಮಾಡಿದ್ದಳು. ಜೋರು ಗಾಳಿಯ ಎಚ್ಚರಿಕೆ ಇದ್ದರೆ ಅದರಲ್ಲಿ ಕೆಂಪು ಪಟ್ಟಿ, ಮೇಲೆ ಬಿಳಿ ಅಕ್ಷರ. ಏನೂ ಇಲ್ಲದಿದ್ದರೆ ಕಡಲಿಗೆ ಹೋಗಬಹುದು.

ಅಪ್ಪ ಮಂಜ ಬೋಟಿನ ತಾಂಡೇಲ, ಚುಕ್ಕಾಣಿ ಅವನದೇ. ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಕಡಲಿಗೆ ಕೈಮುಗಿದು, ಪುಟವನ್ನು ಇನ್ನೊಮ್ಮೆ ತೆರೆದು ನೋಡಿಯೇ ಮುಂದೆ ಹೋಗುವವ. ಫೋನು ಮಾತ್ರ ಮಾಂಧಾತನ ಕಾಲದ್ದು; ಅದಕ್ಕೆ ಅಪ್‌ಡೇಟ್ ಬರುವುದು ಎಂದೋ ನಿಂತಿತ್ತು.

ಮನೆಯಲ್ಲಿ ಹೊಸ ಅಕ್ಕಿಯನ್ನು ಮೊದಲ ಸಲ ಉಣ್ಣುವ ಹೊಸ್ತಿನ ಊಟವಾಗಿ, ಬಾಗಿಲಿಗೆ ಕಟ್ಟಿದ ಕದಿರು ಇನ್ನೂ ಬಾಡಿರಲಿಲ್ಲ. ಬ್ರೌಸರುಗಳಿಗೆ ಹೊಸದಾಗಿ ಬಂದ ರೀತಿಯಲ್ಲಿ ಚೇತನಾ ಪಟ್ಟಿಯ ಕೆಂಪು ಬಣ್ಣಕ್ಕೆ ಹೊಸ ಕೋಡ್ ಸಾಲು ಬರೆದಳು. ಅವಳ ಫೋನಿನಲ್ಲಿ ಅದು ಕೆಂಡದಂತೆ ಹೊಳೆಯಿತು. ಹಳೆಯ ಸಾಲನ್ನು ಅಳಿಸಿಯೇ ಬಿಟ್ಟಳು.

ಮರುದಿನ ಬೆಳಿಗ್ಗೆ ಗಾಳಿಯ ಎಚ್ಚರಿಕೆ ಬಂತು. ಪುಟಕ್ಕೆ ಹಾಕಿ ಕೂತಿದ್ದಾಗ, ಅಪ್ಪ ಬೋಟು ಬಿಟ್ಟಾಯಿತೆಂದು ಅಮ್ಮ ಚಂದ್ರಮತಿ ಹೇಳಿದಳು. ಚೇತನಾ ಗಾಬರಿಯಿಂದ ಫೋನು ಮಾಡಿ, ಕೆಂಪು ಕಾಣಲಿಲ್ಲವೇ ಎಂದು ಕೇಳಿದಳು.

“ಎಂತ ಕೆಂಪ್? ನಿನ್ ಪೇಜಲ್ ಎಂತದೂ ಇಲ್ಲೆ. ಎಂತದೂ ಇಲ್ದಿರೆ ಹೋಯ್ಲಕ್ ಅಂದದ್ ನೀನೇ ಅಲ್ದಾ,” ಎಂದ ಮಂಜ. ಎಂಜಿನ್ನಿನ ಸದ್ದಿನಲ್ಲಿ ಮಾತು ಕಡಿಯಿತು. ಮತ್ತೆ ಮಾಡಿದರೆ ರಿಂಗಾಯಿತು, ಆ ಸದ್ದಿಗೆ ಅವನಿಗೆ ಕೇಳಲಿಲ್ಲ.

ಆಗ ಅವಳಿಗೆ ಹೊಳೆಯಿತು. ಹಳೆಯ ಬ್ರೌಸರು ತನಗೆ ತಿಳಿಯದ ಸಾಲಿಗೆ ತಕರಾರು ಮಾಡುವುದಿಲ್ಲ, ಸುಮ್ಮನೆ ದಾಟಿಹೋಗುತ್ತದೆ. ಪಟ್ಟಿಗೆ ಬಣ್ಣವೇ ಹತ್ತಿಲ್ಲ. ಬಿಳಿ ಪುಟದ ಮೇಲೆ ಬಿಳಿ ಅಕ್ಷರ. ಎಚ್ಚರಿಕೆ ಅಲ್ಲೇ ಇದೆ, ಅಪ್ಪನಿಗೆ ಕಾಣುವುದಿಲ್ಲ.

ಹೊಸ್ತಿಗೆ ಅಮ್ಮ ಹಳೆ ಅಕ್ಕಿಯ ಜೊತೆಗೇ ನಾಲ್ಕು ಹೊಸ ಕಾಳು ಬೇಯಿಸಿದ್ದಳು. ಇಲ್ಲೂ ಅಷ್ಟೇ ಸಾಕಿತ್ತು: ಮೇಲೆ ಹಳೆಯ ಸಾಲು, ಕೆಳಗೆ ಹೊಸದು. ಯಾವ ಫೋನಿಗೆ ಯಾವುದು ತಿಳಿಯುತ್ತದೋ ಅದನ್ನು ತೆಗೆದುಕೊಳ್ಳುತ್ತದೆ. ಅವಸರದಲ್ಲಿ ಬರೆದಳು, ತಪ್ಪಿತು, ಅಳಿಸಿ ಮತ್ತೆ ಬರೆದಳು. ತಿದ್ದಿದ ಪುಟವನ್ನು ಜಾಲಕ್ಕೆ ಏರಿಸಿದವಳೇ ಬಂದರಿಗೆ ಓಡಿದಳು.

ಬೋಟು ಅಳಿವೆಯ ಬಾಯಲ್ಲಿತ್ತು. ಅವಳು ತಿದ್ದುವ ಮೊದಲೇ ಅಪ್ಪ ಪುಟ ನೋಡಿಬಿಟ್ಟಿದ್ದರೆ ಎಲ್ಲ ಮುಗಿಯಿತು. ತನ್ನ ಹೊಸತರ ಹುಚ್ಚಿಗೆ ಶಾಪ ಹಾಕಿಕೊಳ್ಳುತ್ತ ನಿಂತಳು. ಬೋಟು ನಿಂತ ಹಾಗೆ ಕಂಡಿತು. ಆಮೇಲೆ ಮೂತಿ ನಿಧಾನವಾಗಿ ಊರ ಕಡೆ ತಿರುಗಿತು.

ದಡಕ್ಕಿಳಿದ ಮಂಜ ಕೆಂಪು ಪಟ್ಟಿಯಿದ್ದ ಫೋನನ್ನು ಮಗಳ ಮುಂದೆ ಹಿಡಿದ. ಅವಳು ಅಳುತ್ತಲೇ ನಡೆದದ್ದನ್ನೆಲ್ಲ ಹೇಳಿದಳು. ಅವನು ಬೈಯಲಿಲ್ಲ.

“ಹೊಸ್ತ್ ಉಂಬುಕ್ ಮುಂಚೆ ಹಿರಿಯರನ್ನ ಕೇಂಬುದಲ್ದಾ, ಹೆಣೆ? ಇನ್ ಮೇಲೆ ಈ ಫೋನನ್ನೂ ಒಂದ್ ಮಾತ್ ಕೇಣ್.”