ಪಾರ್ಸೆಲ್‌ಗೆ ಪ್ರವೇಶವಿಲ್ಲ

ಭಾನುವಾರ ಬೆಳಿಗ್ಗೆ ಗಂಡ ಮನೆಯಲ್ಲೇ ಬಿದ್ದುಕೊಂಡಿರುತ್ತಾನೆ ಎಂದು ಗೊಣಗುವ ಹೆಂಗಸರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಮ್ಮ ಯಜಮಾನರು ವಸಂತಕುಮಾರ್ ಅವರು ಭಾನುವಾರ ಬೆಳಕು ಹರಿಯುವ ಮೊದಲೇ ಎದ್ದು ವಿಮಾನ ಹಾರಿಸಲು ಹೊರಡುತ್ತಾರೆ. ನಿಜವಾದ ವಿಮಾನವಲ್ಲ, ಅಷ್ಟು ಪುಣ್ಯ ಮಾಡಿದವಳಲ್ಲ ನಾನು. ಅದಾಗಿದ್ದರೆ ಎರಡು ದಿನವಾದರೂ ದೂರ ಹೋಗಿ ಬರುತ್ತಿದ್ದರು. ಇದು ರಿಮೋಟ್ ಹಿಡಿದು ನೆಲದ ಮೇಲೆ ನಿಂತೇ ಹಾರಿಸುವ ಆಟದ ವಿಮಾನ. ಆಟದ ವಿಮಾನ ಅಂದರೆ ಅವರಿಗೆ ಸಿಟ್ಟು ಬರುತ್ತದೆ, ಮಾಡೆಲ್ ಅನ್ನಬೇಕು. ಮೈಸೂರಿನಿಂದ ಥಾಣೆಗೆ ವರ್ಗವಾಗಿ ಬಂದವರು. ಫೈನಾನ್ಸ್ ಕಂಪನಿಯೊಂದರಲ್ಲಿ, ಏನೇನು ಕೆಟ್ಟದ್ದಾಗಬಹುದು ಎಂದು ಮುಂಚಿತವಾಗಿ ಊಹಿಸಿ ಹೇಳುವ ಕೆಲಸ. ಸಂಬಳ ಕೊಡದಿದ್ದರೂ ಆ ಕೆಲಸವನ್ನು ಅವರು ಮನೆಯಲ್ಲೂ ಮಾಡುತ್ತಾರೆ.

ಆದರೆ ಇದು ಇವರ ಕಥೆಯಲ್ಲ. ಇವರ ಕಥೆಯನ್ನು ಇವರೇ ಸಾಕಷ್ಟು ಹೇಳಿಕೊಳ್ಳುತ್ತಾರೆ. ಇದು ಗುಣಪಾಲ ಶೆಟ್ಟರ ಕಥೆ, ಅವರ ನಾಯಿಯದೂ ಹೌದು.

ಗುಣಪಾಲಣ್ಣ ಕಾರ್ಕಳದ ಕಡೆಯವರು. ಮೀಸೆ ಮೂಡುವ ಮೊದಲೇ ಮಾವನ ಹೋಟೆಲಿಗೆ ಬಂದು, ಲೋಟ ತೊಳೆದು, ಬಡಿಸಿ, ಗಲ್ಲಾಪೆಟ್ಟಿಗೆಯ ಹಿಂದೆ ಕೂತು, ಕೊನೆಗೆ ಥಾಣೆಯ ನೌಪಾಡಾದಲ್ಲಿ ತಮ್ಮದೇ ಹೋಟೆಲ್ ಮಾಡಿದವರು. ಅವರ ಹೋಟೆಲಿನಲ್ಲಿ ಗಿರಾಕಿಗಳು ಮರೆತುಹೋದ ಸಾಮಾನಿಗೆ ಒಂದು ಅಟ್ಟ ಇತ್ತು. ಕೊಡೆ, ಟಿಫಿನ್ ಡಬ್ಬಿ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಕೂಡ. 2006ರ ಸುಮಾರಿಗೆ ಯಾರೋ ವಿಮಾನದ ಬಿಡಿಭಾಗಗಳ ಪೆಟ್ಟಿಗೆಯೊಂದನ್ನು ಬಿಟ್ಟುಹೋದರು. ಒಂದು ಮಳೆಗಾಲ ಕಳೆದರೂ ಕೇಳಿಕೊಂಡು ಯಾರೂ ಬರಲಿಲ್ಲ. ಗುಣಪಾಲಣ್ಣ ಅದನ್ನು ಬಿಚ್ಚಿ ಜೋಡಿಸಿದರು. ಐವತ್ತು ದಾಟಿದ ಗಂಡಸು ಗಲ್ಲಾದ ಮೇಲೆ ರೆಕ್ಕೆಗೆ ಅಂಟು ಹಚ್ಚುವುದನ್ನು ನೋಡಿ ಅವರ ಹೆಂಡತಿ ರುಕ್ಮಿಣಿ ಏನಂದರು ಎಂಬುದನ್ನು ಅವರು ತುಳುವಿನಲ್ಲೇ ಹೇಳುತ್ತಾರೆ, ಕನ್ನಡಕ್ಕೆ ತರುವುದಿಲ್ಲ.

ನಾಯಿ ಬಂದದ್ದು ಆಮೇಲೆ. ಬೀದಿಯ ಕಂದು ನಾಯಿ, ಒಂದು ಕಿವಿ ನಿಂತಿದ್ದು, ಒಂದು ಬಿದ್ದದ್ದು. ಪಾರ್ಸೆಲ್ ಕೌಂಟರಿನ ಕೆಳಗೇ ಕೂರುತ್ತಿತ್ತಾದ್ದರಿಂದ ಪಾರ್ಸೆಲ್ ಎಂದೇ ಹೆಸರಾಯಿತು. ಬೆಳಗಿನ ಮೊದಲ ಇಡ್ಲಿ ಅದಕ್ಕೇ. ಬೋಣಿ ನಾಯಿಯಿಂದಲೇ ಆಗಬೇಕು, ಆಮೇಲೆ ಗಿರಾಕಿ, ಇದು ಗುಣಪಾಲಣ್ಣನ ನಂಬಿಕೆ. ಆ ಇಡ್ಲಿಯ ಆಚೆಗೆ ಪಾರ್ಸೆಲ್‌ಗೆ ಭಾಗ್ಯವೇನೂ ಇರಲಿಲ್ಲ. ಮನೆಗೆ ರುಕ್ಮಿಣಿ ಸೇರಿಸುತ್ತಿರಲಿಲ್ಲ, ಹೋಟೆಲಿನ ಮುಂದೆ ಗಿರಾಕಿಗಳಿಗೆ ಹೇಸಿಗೆ. ಗ್ರೈಂಡರಿನ ಹಿಂದಿನ ಸಂದಿಯೇ ಅದರ ಸಂಸ್ಥಾನ.

ಭಾನುವಾರ ಮಾತ್ರ ಬೇರೆ. ಗುಣಪಾಲಣ್ಣ ಓಮ್ನಿ ವ್ಯಾನಿನಲ್ಲಿ ವಾಶಿ ಮಾರ್ಕೆಟ್ಟಿಗೆ ಹೋಗಿ ತರಕಾರಿ ತುಂಬಿಕೊಂಡು, ಅಲ್ಲಿಂದ ಸೀದಾ ಮೈದಾನಕ್ಕೆ ಬರುತ್ತಿದ್ದರು. ಕೋಸಿನ ಮೂಟೆಗಳ ನಡುವೆ ವಿಮಾನ, ವಿಮಾನದ ಪಕ್ಕ ಪಾರ್ಸೆಲ್. ಅವರ ವಿಮಾನ ಯಾವಾಗಲೂ ಕೊತ್ತಂಬರಿ ಸೊಪ್ಪಿನ ವಾಸನೆ ಹೊಡೆಯುತ್ತಿತ್ತು.

ಮೈದಾನ ಎಂದೆನಲ್ಲ, ಅದು ಖಾರ್‌ಘರ್ ದಾಟಿದ ಮೇಲೆ ಬರುವ ಒಂದು ಖಾಲಿ ಜಾಗ. ಸೆಕ್ಟರ್ ನಂಬರಿನ ಬೋರ್ಡು ಇದೆ, ಸೆಕ್ಟರ್ ಇನ್ನೂ ಹುಟ್ಟಿಲ್ಲ. ಅರ್ಧಕ್ಕೆ ನಿಲ್ಲಿಸಿದ ಡಾಂಬರು ರಸ್ತೆಯೇ ರನ್‌ವೇ, ಸುತ್ತ ಎದೆಮಟ್ಟ ಹುಲ್ಲು. ಜಾಗ ಯಾರದು ಎಂದು ಯಾರೂ ಕೇಳಿರಲಿಲ್ಲ, ಅನುಮತಿಯನ್ನಂತೂ ಕೇಳಿಯೇ ಇರಲಿಲ್ಲ. ಆದರೆ ಮುಂಬೈ ಕಡೆ ಮೂರು ಜನ ಸೇರಿದರೆ ಒಂದು ಕಮಿಟಿ ಹುಟ್ಟುತ್ತದೆ. ಇಲ್ಲಿ ಹತ್ತು ಜನ ಇದ್ದರು, ಅದರಲ್ಲಿ ಒಂಬತ್ತು ಜನ ಪದಾಧಿಕಾರಿಗಳು. ನಮ್ಮವರು ಅಧ್ಯಕ್ಷರು. ಕ್ಲಬ್ಬಿಗೆ ಬರೀ ಸದಸ್ಯ ಎಂದು ಇದ್ದವರು ಗುಣಪಾಲಣ್ಣ ಒಬ್ಬರೇ. ಆಳುವುದಕ್ಕೂ ಒಬ್ಬರು ಬೇಕಲ್ಲ.

ಕಾಫಿಯ ಫ್ಲಾಸ್ಕು ಹಿಡಿದು ನಾನೂ ಪ್ರತಿ ವಾರ ಜೊತೆಗೆ ಹೋಗುತ್ತಿದ್ದೆ. ಗುಣಪಾಲಣ್ಣನಷ್ಟು ಕೆಟ್ಟದಾಗಿ ವಿಮಾನ ಹಾರಿಸುವವರನ್ನು ನಾನು ನೋಡಿಲ್ಲ. ಏರಿಸುವುದು ಚೆನ್ನಾಗಿಯೇ ಏರಿಸುತ್ತಿದ್ದರು. ಎರಡು ಸುತ್ತು, ಮೂರು ಸುತ್ತು, ಎಲ್ಲ ಸರಿ. ಇಳಿಸುವ ಹೊತ್ತಿಗೆ ರಸ್ತೆಯ ಕಡೆ ಬರುತ್ತಿದ್ದ ವಿಮಾನ ಏನೋ ನೆನಪಾದವರ ಹಾಗೆ ಪಕ್ಕಕ್ಕೆ ತಿರುಗಿ ಹುಲ್ಲಿನೊಳಗೆ ಮಾಯವಾಗುತ್ತಿತ್ತು. ಪ್ರತಿ ಭಾನುವಾರ, ಪ್ರತಿ ಸಲ. ರಸ್ತೆಗೆ ಬಡಿದಿದ್ದರೆ ಆ ಥರ್ಮಾಕೋಲ್ ವಿಮಾನ ಪುಡಿಪುಡಿಯಾಗುತ್ತಿತ್ತು. ಅವರ ಅದೃಷ್ಟ, ಹುಲ್ಲಿಗೇ ಬೀಳುತ್ತಿತ್ತು. ಬೀಳುವುದರಲ್ಲೂ ಒಂದು ಕೈಗುಣ ಇರುತ್ತದೆ ಎಂದು ನಾನು ನಗುತ್ತಿದ್ದೆ. ನಮ್ಮವರು ನಗುತ್ತಿರಲಿಲ್ಲ. ಇಳಿಸುವುದು ಹೇಗೆಂದು ಪಾಠ ಮಾಡುತ್ತಿದ್ದರು. ಗುಣಪಾಲಣ್ಣ ಕೈಕಟ್ಟಿ ನಿಂತು ಪೂರ್ತಿ ಕೇಳಿ, ಹೌದು ಹೌದು ಎಂದು ಮುಂದಿನ ವಾರ ಮತ್ತೆ ಹುಲ್ಲಿಗೆ ಬೀಳಿಸುತ್ತಿದ್ದರು.

ವಿಮಾನ ಬೀಳುವವರೆಗೆ ಪಾರ್ಸೆಲ್ ಓಮ್ನಿಯ ನೆರಳಿನಲ್ಲಿ ಕಲ್ಲಿನಂತೆ ಕೂತಿರುತ್ತಿತ್ತು. ಗುಣಪಾಲಣ್ಣ ತುಳುವಿನಲ್ಲಿ “ಪೋಲ”, ಅಂದರೆ ಹೋಗು, ಎಂದ ಕೂಡಲೇ ಬಾಣ ಬಿಟ್ಟ ಹಾಗೆ ಹುಲ್ಲಿಗೆ ನುಗ್ಗುತ್ತಿತ್ತು. ನಮಗೆ ಹುಲ್ಲು ಅಲುಗುವುದು ಮಾತ್ರ ಕಾಣುತ್ತಿತ್ತು. ಆಮೇಲೆ ವಿಮಾನವನ್ನು ಬಾಲದ ಕಡೆಯಿಂದ ಮೆತ್ತಗೆ ಕಚ್ಚಿಕೊಂಡು, ಮದುವೆಮನೆಯ ಯಜಮಾನನ ಗತ್ತಿನಲ್ಲಿ ರಸ್ತೆಯ ಮೇಲೆ ನಡೆದು ಬರುತ್ತಿತ್ತು. ಒಂದೊಂದು ಬೆಳಿಗ್ಗೆ ಐದಾರು ಸಲ. ಅಷ್ಟು ಸುಖದ ಮುಖವನ್ನು ನಾನು ನಾಯಿಗಳಲ್ಲೂ ಕಡಿಮೆ ಕಂಡಿದ್ದೇನೆ, ಮನುಷ್ಯರ ವಿಷಯ ಬಿಡಿ.

ನಮ್ಮವರಿಗೆ ಇದು ಸರಿಬರುತ್ತಿರಲಿಲ್ಲ. ಪ್ರೊಪೆಲ್ಲರ್ ತಿರುಗುತ್ತಿರುವಾಗ ನಾಯಿ ಅಡ್ಡ ಬಂದರೆ? ಕಣ್ಣು ಆಕಾಶದಲ್ಲಿರಬೇಕಾದಾಗ ಕಾಲಲ್ಲಿ ನಾಯಿ ಸಿಕ್ಕಿಕೊಂಡರೆ? ಮಾತು ಸುಳ್ಳಲ್ಲ. ಅದೇ ಇವರ ಜೊತೆ ಬಾಳುವುದರ ಕಷ್ಟ, ಇವರ ಮಾತು ಯಾವಾಗಲೂ ಸರಿಯಾಗಿಯೇ ಇರುತ್ತದೆ. ನಮ್ಮ ಚಿನ್ನುವೂ ನಾಯಿಯೇ ಅಲ್ಲವೇ ಎಂದರೆ, ಚಿನ್ನು ಟ್ರೇನ್ಡ್ ಎನ್ನುತ್ತಿದ್ದರು. ಚಿನ್ನು ಬೀಗಲ್ ಜಾತಿಯ ಗಂಡುನಾಯಿ, ಅದೂ ನಮ್ಮ ಜೊತೆ ಮೈದಾನಕ್ಕೆ ಬರುತ್ತಿತ್ತು. ಅದರ ಟ್ರೇನಿಂಗಿಗೆ ಒಬ್ಬ ಮೇಷ್ಟ್ರು ಮನೆಗೇ ಬರುತ್ತಿದ್ದ. ಕುಳಿತುಕೋ ಎಂದರೆ ಚಿನ್ನು ಮಲಗುತ್ತಿತ್ತು, ಅದೂ ಮನಸ್ಸಿದ್ದರೆ.

2011ರಲ್ಲಿ ಆಯುಧಪೂಜೆಗೆ ಹತ್ತಿರದ ಭಾನುವಾರ ವಿಮಾನಗಳಿಗೂ ಪೂಜೆಯಾಗಬೇಕು ಎಂದು ತೀರ್ಮಾನವಾಯಿತು. ಸ್ಕೂಟರಿಗೆ, ಮಿಕ್ಸಿಗೆ, ಲಿಫ್ಟಿಗೆ ಕುಂಕುಮ ಇಡುವ ಜನ ವಿಮಾನವನ್ನು ಬಿಡುತ್ತೇವೆಯೇ? ರಸ್ತೆಯ ಮೇಲೆ ಸಾಲಾಗಿ ನಿಲ್ಲಿಸಿ ಚೆಂಡುಹೂ ಸಿಕ್ಕಿಸಿದೆವು. ಗುಣಪಾಲಣ್ಣ ಹೋಟೆಲಿನಿಂದ ಪಂಚಕಜ್ಜಾಯ ತಂದಿದ್ದರು, ಕಡಲೆಬೇಳೆ, ಬೆಲ್ಲ, ಕಾಯಿತುರಿ, ಎಳ್ಳು, ಮೇಲೆ ಧಾರಾಳ ತುಪ್ಪ. ನೆಲದ ಮೇಲೆ ನೈವೇದ್ಯ ಇಡಬಾರದು ಎಂದರು ನಮ್ಮವರು. ವಿದೇಶದಿಂದ ತರಿಸಿದ ತಮ್ಮ ಹೊಸ ಜೆಟ್ಟಿನ ರೆಕ್ಕೆ ಅಗಲವಾಗಿದೆ, ಶುದ್ಧವಾಗಿಯೂ ಇದೆ, ಅದರ ಮೇಲೇ ಇಡಿ ಎಂದರು. ಬಾಳೆಲೆ ಬೇಡವೇ ಎಂದು ಗುಣಪಾಲಣ್ಣ ಕೇಳಿದರು. ಅಷ್ಟರಲ್ಲಿ ಇವರು ಚಮಚದಲ್ಲಿ ಬಡಿಸಿಯೇ ಬಿಟ್ಟಿದ್ದರು.

ಮಂಗಳಾರತಿ ಶುರುವಾಯಿತು. ಕ್ಲಬ್ಬಿನ ಖಜಾಂಚಿ ಗುರುವಪ್ಪನವರು ಗದಗದ ಕಡೆಯವರು, ಕಲ್ಯಾಣದಲ್ಲಿ ರೈಲ್ವೆ ನೌಕರಿ. ಆರತಿಯ ಪದ ಎತ್ತಿಕೊಂಡರೆ ಒಂದು ನುಡಿಯನ್ನೂ ಬಿಡುವವರಲ್ಲ. ಎಲ್ಲರೂ ಕಣ್ಣುಮುಚ್ಚಿ ಕೈಮುಗಿದು ನಿಂತೆವು. ಪದ ಮುಗಿದು ಕಣ್ಣು ಬಿಟ್ಟಾಗ ಪಂಚಕಜ್ಜಾಯ ಇರಲಿಲ್ಲ, ರೆಕ್ಕೆಯ ಅಂಚೂ ಇರಲಿಲ್ಲ. ಚಿನ್ನು ತುಪ್ಪ ಇಳಿದ ಕಡೆಯೆಲ್ಲ ನೆಕ್ಕಿ, ರುಚಿ ಹತ್ತಿ, ಒಳಗಿನ ಹಗುರ ಮರವನ್ನೂ ಕಬ್ಬಿನ ಜಲ್ಲೆಯ ಹಾಗೆ ಅಗಿದು, ಬಾಯಿ ಒರೆಸುವವರಿಗಾಗಿ ಕಾಯುತ್ತ ಕೂತಿತ್ತು. ಪಾರ್ಸೆಲ್ ಓಮ್ನಿಯ ನೆರಳಿನಿಂದ ಅಲುಗಿರಲಿಲ್ಲ. ಅದಕ್ಕೆ ಯಾರೂ ಪೋಲ ಅಂದಿರಲಿಲ್ಲವಲ್ಲ.

ಅಲ್ಲೇ ತುರ್ತು ಸಭೆ ಕೂಡಿತು. ನಾಯಿಗಳನ್ನು ಮೈದಾನಕ್ಕೆ ತರಬೇಕೋ ಬೇಡವೋ ಎಂಬ ಘನವಾದ ವಿಷಯ. ಇಂಥದೊಂದು ನಡೆದೇ ತೀರುತ್ತದೆ ಎಂದು ತಾವು ಮೊದಲಿಂದ ಹೇಳುತ್ತ ಬಂದಿರುವುದನ್ನು ಅಧ್ಯಕ್ಷರು ಎಲ್ಲರಿಗೂ ನೆನಪಿಸಿದರು. ಇನ್ನು ಮುಂದೆ ನಾಯಿಗಳಿಗೆ ಪ್ರವೇಶವಿಲ್ಲ ಎಂದು ಅವರೇ ಸೂಚಿಸಿದರು.

“ತಿಂದದ್ದು ಯಾರ ನಾಯಿ, ಹೊರಗ ಹಾಕೂದು ಯಾರ ನಾಯೀನ್ರೀ?” ಎಂದರು ಗುರುವಪ್ಪ.

ಪ್ರಶ್ನೆ ಯಾರ ನಾಯಿ ಎಂಬುದಲ್ಲ, ತತ್ತ್ವದ್ದು ಎಂದರು ಅಧ್ಯಕ್ಷರು. ಚಿನ್ನುವನ್ನು ಇನ್ನು ಮೇಲೆ ಎಸಿ ಹಾಕಿ ಕಾರಿನಲ್ಲೇ ಕೂರಿಸುತ್ತೇನೆ, ಕಾರು ಮೈದಾನವಲ್ಲ ಎಂದೂ ಸೇರಿಸಿದರು. ತತ್ತ್ವಕ್ಕೂ ಒಂದು ಕಿಟಕಿ ಇರುತ್ತದೆ, ಗ್ಲಾಸು ಏರಿಸಿಕೊಂಡರಾಯಿತು.

ಗುಣಪಾಲಣ್ಣ ಎದ್ದು ನಿಂತರು. ಹಗ್ಗ ಕಟ್ಟಿ ಕೂರಿಸುತ್ತೇನೆ, ಎಲ್ಲರ ವಿಮಾನ ಇಳಿದ ಮೇಲೆಯೇ ಬಿಡುತ್ತೇನೆ ಎಂದರು. ನಿಯಮ ಅಂದಮೇಲೆ ನಿಯಮ ಎಂದರು ನಮ್ಮವರು. ಆಗ ಗುಣಪಾಲಣ್ಣ ನೆಲ ನೋಡುತ್ತ ಹೇಳಿದರು. “ವಾರದ ಆರು ದಿನ ಅವನಿಗೆ ಎಲ್ಲರೂ ಹಚಾ ಹಚಾ ಅನ್ನುದೇ ಮಾರಾಯ್ರೆ. ಅವನಿಂದ ಒಂದು ಕೆಲಸ ಆಗ್ತದೆ ಅಂತ ಇರುದು ಇಲ್ಲಿ ಮಾತ್ರ.”

ಅಧ್ಯಕ್ಷರು ವೋಟಿಗೆ ಹಾಕಿದರು. ಗುರುವಪ್ಪನವರೊಬ್ಬರನ್ನು ಬಿಟ್ಟು ಉಳಿದ ಪದಾಧಿಕಾರಿಗಳ ಕೈಗಳೆಲ್ಲ ಅಧ್ಯಕ್ಷರ ಕಡೆಗಿದ್ದವು. ನಾನು ಸದಸ್ಯಳಲ್ಲ, ಕಾಫಿ ತರುವವಳು. ಕಾಫಿ ತರುವವರಿಗೆ ವೋಟಿಲ್ಲ. ಮನೆಗೆ ಬಂದ ಮೇಲೆ ಮಾತ್ರ, ರೆಕ್ಕೆ ತಿಂದದ್ದು ನಿಮ್ಮ ಚಿನ್ನು, ಆ ಬಡಪಾಯಿ ನಾಯಿ ಏನು ಮಾಡಿತ್ತು ಎಂದು ನೇರವಾಗಿ ಕೇಳಿದೆ. ವಿಮಾನಕ್ಕೆ ಬಾಯಿ ಹಾಕುವುದನ್ನು ಚಿನ್ನು ಕಲಿತದ್ದೇ ಪಾರ್ಸೆಲ್‌ನನ್ನು ನೋಡಿ ಎಂದರು. ಸಹವಾಸದೋಷವಂತೆ. ನನಗೂ ಅದು ಇರಬಹುದು, ಮದುವೆಯಾಗಿ ಇಪ್ಪತ್ತು ವರ್ಷವಾಯಿತಲ್ಲ, ಆ ಕ್ಷಣ ಕೈಯಲ್ಲಿದ್ದ ಫ್ಲಾಸ್ಕನ್ನು ಅವರ ತಲೆಯ ಮೇಲೆ ಹಾಕೋಣ ಅನ್ನಿಸಿತು.

ಮುಂದಿನ ಭಾನುವಾರ ಹೋಗುವಷ್ಟರಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಬೋರ್ಡು ಎದ್ದಿತ್ತು. ಯಾವ ನಾಯಿ ಯಾವ ಮೀಡಿಯಂ ಎಂದು ಯಾರಿಗೆ ಗೊತ್ತು. ಓಮ್ನಿ ಬಂತು. ಗುಣಪಾಲಣ್ಣ ಒಬ್ಬರೇ ಇಳಿದರು. ಎಲ್ಲರಿಗೂ ನಮಸ್ಕಾರ ಹೇಳಿ, ಎಂದಿನ ವಿಮಾನ ತೆಗೆದು, ಎಂದಿನ ಹಾಗೆ ಏರಿಸಿದರು. ಮೂರು ಸುತ್ತು ಹಾಕಿಸಿದರು. ಇನ್ನೇನು ಹುಲ್ಲಿಗೆ ಬೀಳುತ್ತದೆ, ಈ ಮನುಷ್ಯ ಅದನ್ನು ಹುಡುಕುವುದು ಹೇಗಪ್ಪಾ ಎಂದು ನಾನು ಎದ್ದು ನಿಂತೆ. ಎದೆಮಟ್ಟ ಹುಲ್ಲು, ಒಳಗೆ ಕೆಸರು, ಹಾವು ಬೇರೆ.

ವಿಮಾನ ರಸ್ತೆಯ ನೇರಕ್ಕೆ ಬಂತು. ಪಕ್ಕಕ್ಕೆ ತಿರುಗಲಿಲ್ಲ. ಗಾಳಿ ಅಡ್ಡ ಬೀಸುತ್ತಿತ್ತು, ಸ್ವಲ್ಪ ವಾಲಿಸಿ ಸರಿ ಮಾಡಿದರು. ತಟ್ಟೆಯನ್ನು ಗಿರಾಕಿಯ ಮುಂದೆ ಇಡುವಷ್ಟು ಮೆತ್ತಗೆ ಚಕ್ರಗಳು ಡಾಂಬರಿಗೆ ತಾಗಿದವು. ಅದು ಹಾಗೇ ಓಡಿ ಬಂದು ಗುಣಪಾಲಣ್ಣನ ಕಾಲ ಬಳಿ ನಿಂತಿತು.

ಚಪ್ಪಾಳೆ ಬಿತ್ತು. ನಮ್ಮವರದೇ ಎಲ್ಲರಿಗಿಂತ ಜೋರು. “ನೋಡಿದ್ರಾ? ನಾಯಿ ಕಾಟ ಇಲ್ಲ, ಗಮನ ಪೂರ್ತಿ ಮೇಲಿತ್ತು. ಒಂದೇ ವಾರಕ್ಕೆ ಶೆಟ್ರು ಲ್ಯಾಂಡಿಂಗ್ ಕಲಿತ್ರು. ನಿಯಮ ಅಂದ್ರೆ ಇದು” ಎಂದರು. ಗುಣಪಾಲಣ್ಣ ಹೌದು ಹೌದು ಎಂದರು.

ಅವರು ವಿಮಾನವನ್ನು ಎತ್ತಿಕೊಂಡು ಓಮ್ನಿಯ ಕಡೆ ಹೋದರು. ಇನ್ನೊಂದು ಸಲ ಹಾರಿಸುವ ಲಕ್ಷಣ ಕಾಣಲಿಲ್ಲ. ನಾನು ಕಾಫಿ ಹಿಡಿದು ಹಿಂದೆ ಹೋದೆ. ಇಷ್ಟು ಚೆನ್ನಾಗಿ ಇಳಿಸುವುದನ್ನು ಯಾವಾಗ ಕಲಿತಿರಿ ಗುಣಪಾಲಣ್ಣ ಎಂದು ಕೇಳಿದೆ.

“ಅದು ಮೊದಲಿಂದ್ಲೂ ಬರ್ತದೆ ಅಕ್ಕ” ಎಂದರು. “ಸೀದಾ ಇಳಿಸಿದ್ರೆ ಅವನಿಗೆ ತರ್ಲಿಕ್ಕೆ ಎಂಥ ಉಂಟು?”

ಅಷ್ಟು ವರ್ಷ, ಒಬ್ಬ ಮನುಷ್ಯ ಪ್ರತಿ ಭಾನುವಾರ ಒಂಬತ್ತು ಪದಾಧಿಕಾರಿಗಳ ಎದುರು ನಗೆಪಾಟಲಾಗಿ, ಪಾಠ ಕೇಳಿಸಿಕೊಂಡು, ಒಂದು ಬೀದಿನಾಯಿಗೆ ಕೆಲಸ ಕೊಟ್ಟಿದ್ದ. ಪಾರ್ಸೆಲ್ ಎಲ್ಲಿ ಎಂದು ಕೇಳಿದೆ, ಕೇಳಬಾರದಿತ್ತು.

“ವ್ಯಾನಿನ ಬಾಗಿಲು ತೆಗೆದದ್ದು ಕೇಳಿ ಓಡಿ ಬಂದ. ಹತ್ತಿಯೂ ಕೂತ. ಇವತ್ತು ಮೊದಲನೇ ಸಲ ನಾನು ಅವನಿಗೆ ಹಚಾ ಅಂದೆ ಅಕ್ಕ.” ಕೋಸಿನ ಮೂಟೆಯ ಮೇಲಿದ್ದ ಬಾಳೆಲೆಯ ಪೊಟ್ಟಣವನ್ನು ನನ್ನ ಕೈಯಲ್ಲಿಟ್ಟರು. “ಆಮೇಲೆ ಇಡ್ಲಿ ಮುಟ್ಲಿಲ್ಲ. ಬೋಣಿ ಇಡ್ಲಿ, ಬಿಸಾಡ್ಲಿಕ್ಕೆ ಮನಸ್ಸು ಬರುದಿಲ್ಲ. ನಿಮ್ಮ ಚಿನ್ನುವಿಗೆ ಕೊಡಿ.”

ಕಾಫಿ ಕುಡಿದು, ಲೋಟವನ್ನು ತಮ್ಮ ನೀರಿನಲ್ಲೇ ತೊಳೆದು ಕೊಟ್ಟು, ಅವರು ಹೊರಟರು. ಆಮೇಲೆ ಆ ಕಡೆ ಬರಲಿಲ್ಲ.

ನಾನು ಕಾರಿನ ಬಳಿ ಬಂದು ಗ್ಲಾಸು ಇಳಿಸಿದೆ. ಚಿನ್ನು ಪಾರ್ಸೆಲ್‌ನ ಇಡ್ಲಿಯನ್ನು ಎರಡೇ ತುತ್ತಿಗೆ ತಿಂದು ನನ್ನ ಕೈ ನೆಕ್ಕಿತು. ರನ್‌ವೇಯ ಆ ತುದಿಯಿಂದ ನಮ್ಮ ಯಜಮಾನರು ಕೂಗಿ ಹೇಳಿದರು, “ಜಯಾ, ಗ್ಲಾಸ್ ಏರಿಸು. ಎಸಿ ಹೊರಗೆ ಹೋಗ್ತಿದೆ.”