ಥಿಂಪುವಿನಲ್ಲಿ ಅಕ್ಕ ರಸ್ತೆ ದಾಟಿದ್ದು

ನನ್ನ ಅಕ್ಕ ಮಹಾನಂದ ಸಂಪಿಗೆ ರಸ್ತೆಯನ್ನು ಒಬ್ಬಳೇ ದಾಟುತ್ತಿರಲಿಲ್ಲ. ಹುಟ್ಟಿ ಬೆಳೆದದ್ದೆಲ್ಲ ಮಲ್ಲೇಶ್ವರದಲ್ಲೇ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಾಗ, ಟ್ರಂಕ್ ಕಾಲ್‌ಗೆ ಅವಸರಪಡಿಸುವ ದೊಡ್ಡ ಅಧಿಕಾರಿಗಳನ್ನೂ "ಲೈನ್ ಸಿಕ್ದಾಗ ಸಿಗುತ್ತೆ, ಇಡಿ ಸ್ವಾಮಿ" ಎಂದು ಗದರಿದವಳು. ಅಂಥವಳನ್ನು ತೊಂಬತ್ತೆಂಟರಲ್ಲಿ ಒಂದು ಸ್ಕೂಟರು ಸವರಿಕೊಂಡು ಹೋಯಿತು. ಏಟೇನೂ ಬೀಳಲಿಲ್ಲ, ಚೀಲದಲ್ಲಿದ್ದ ಬದನೆಕಾಯಿ ಚೆಲ್ಲಿತು, ಅಷ್ಟೆ. ಆದರೆ ಅಂದಿನಿಂದ ರಸ್ತೆಯ ಅಂಚಿಗೆ ಬಂದರೆ ಅವಳ ಕಾಲು ಮುಂದೆ ಹೋಗುತ್ತಿರಲಿಲ್ಲ.

ಅವಳು ತನ್ನ ಬದುಕನ್ನೇ ರಸ್ತೆಯ ಈಚೆ ಬದಿಗೆ ಹೊಂದಿಸಿಕೊಂಡಳು. ತರಕಾರಿ, ಔಷಧಿ, ದರ್ಜಿ, ಹಿಟ್ಟಿನ ಗಿರಣಿ ಎಲ್ಲವೂ ಈಚೆ. ಬಾಲ್ಯದ ಗೆಳತಿ ಆಂಡಾಳಮ್ಮ ಮಾತ್ರ ಆಚೆ ಉಳಿದರು. ಅವರಿಗೆ ಮಂಡಿನೋವು, ಮನೆಯ ಮೆಟ್ಟಿಲು ಇಳಿಯುವುದೇ ಕಷ್ಟ. ಗಟ್ಟಿಯಾಗಿ ಕೂಗಿದರೆ ಕೇಳಿಸುವಷ್ಟು ದೂರದಲ್ಲಿದ್ದ ಇಬ್ಬರು ಫೋನಿನಲ್ಲಿ ಮಾತಾಡುತ್ತಿದ್ದರು. ಮುಖ ನೋಡಬೇಕೆಂದರೆ ನಾನು ಬೇಕಾಗಿತ್ತು.

ನಾನು ಎಂದರೆ ಅವಳ ತಮ್ಮ, ವೈಯಾಲಿಕಾವಲ್‌ನಲ್ಲಿರುವ ನಿವೃತ್ತ ಮೇಷ್ಟ್ರು ರೇವಣಸಿದ್ದಯ್ಯ. ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ರಸ್ತೆ ದಾಟಿಸಿದವನು ಎಂಬ ಹೆಮ್ಮೆ ನನಗೆ ಬಹಳ. ಎಡಗೈಯಲ್ಲಿ ಅಕ್ಕನ ಮಣಿಕಟ್ಟು ಹಿಡಿದು, ಬಲಗೈಯನ್ನು ವಾಹನಗಳತ್ತ ಚಾಚಿ, ಹುಬ್ಬು ಗಂಟಿಕ್ಕಿಕೊಂಡು ನುಗ್ಗುತ್ತಿದ್ದೆ. ಯಾರೂ ನಿಲ್ಲುತ್ತಿರಲಿಲ್ಲ. ಬಸ್ಸುಗಳು ಕೊನೆಯ ಗಳಿಗೆಯಲ್ಲಿ ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದವು. ಅವು ನನ್ನ ಹುಬ್ಬಿಗೆ ಹೆದರಿ ಹೋದವೆಂದೇ ನಾನು ತಿಳಿದಿದ್ದೆ.

"ಆಂಡಾಳ್ ಮನೆಗೆ ಹೋಗ್ಬೇಕು ಕಣೋ ರೇವಣ" ಎಂದು ಅಕ್ಕ ಕೇಳಿದರೆ, ಮಾಡಲು ಬೇರೆ ಕೆಲಸವಿಲ್ಲದಿದ್ದರೂ "ನೋಡೋಣ ತಾಳಕ್ಕ" ಎನ್ನುತ್ತಿದ್ದೆ. ಪಾಠ ಹೇಳುವುದು ನಿಂತ ಮೇಲೆ ನನ್ನನ್ನು ಕಾಯುತ್ತಿದ್ದವಳು ಅವಳೊಬ್ಬಳೇ.

2008ರಲ್ಲಿ ನಿವೃತ್ತರ ತಂಡವೊಂದು, ಅಡುಗೆಯವರ ಸಮೇತ, ಭೂತಾನಕ್ಕೆ ಹೊರಟಿತು. ನಾವಿಬ್ಬರೂ ಸೇರಿಕೊಂಡೆವು. ಥಿಂಪು ಭೂತಾನದ ರಾಜಧಾನಿ. ಅದರ ಮುಖ್ಯ ಬೀದಿ ಎಂದಮೇಲೆ ನಮ್ಮ ಮೆಜೆಸ್ಟಿಕ್‌ನಂತೆಯೇ ಇರಬೇಕೆಂದು ಬಸ್ಸಿನಲ್ಲೇ ಅಕ್ಕನಿಗೆ ಪಾಠ ಮಾಡಿದೆ. "ನನ್ನ ಕೈ ಮಾತ್ರ ಬಿಡಬೇಡ."

ಇಳಿದು ನೋಡಿದರೆ ನೋರ್ಜಿನ್ ಲಾಮ್ ಎಂಬ ಆ ಬೀದಿ ನಮ್ಮ ಹಳೆಯ ಮಲ್ಲೇಶ್ವರದಷ್ಟೇ ಸಾವಧಾನವಾಗಿತ್ತು. ಚಿತ್ತಾರದ ಕಿಟಕಿಗಳು, ಬಿಸಿಲಿಗೆ ಮಲಗಿದ ನಾಯಿಗಳು. ಸಿಗ್ನಲ್ ದೀಪವೇ ಇಲ್ಲ. ನಡುವೆ ಬಣ್ಣದ ಮಂಟಪದೊಳಗೆ ಬಿಳಿ ಕೈಗವಸಿನ ಪೊಲೀಸರೊಬ್ಬರು ನಾಟ್ಯವಾಡುವಂತೆ ಕೈ ತಿರುಗಿಸುತ್ತಿದ್ದರು.

ಎದುರು ಬದಿಯ ಅಂಗಡಿಯಲ್ಲಿ ನೇಯ್ದ ಚೀಲಗಳು ತೂಗಾಡುತ್ತಿದ್ದವು. "ಆಂಡಾಳ್‌ಗೆ ಆ ಕೆಂಪು ಚೀಲ ತಗೋಬೇಕು" ಎಂದಳು ಅಕ್ಕ.

ಬಿಳಿ ಪಟ್ಟೆಗಳ ಮುಂದೆ ನಿಂತು, ಅವಳ ಮಣಿಕಟ್ಟು ಹಿಡಿದು, ಬಲಗೈ ಚಾಚಿದೆ. ಬರುತ್ತಿದ್ದ ಕಾರು ದೂರದಲ್ಲೇ ನಿಂತುಬಿಟ್ಟಿತು. ನನಗೆ ಗಾಬರಿಯಾಯಿತು. ಕಾರಿನವನು ಯಾಕೆ ನಿಂತ? ಹೋಗಪ್ಪ ಎಂದು ಕೈ ಬೀಸಿದೆ. ಅವನು ನಕ್ಕು, ನೀವು ಹೋಗಿ ಎಂದು ಕೈ ತೋರಿಸಿದ.

"ನಂಬಬೇಡ ಅಕ್ಕ. ನಾವು ಕಾಲಿಟ್ಟ ತಕ್ಷಣ ನುಗ್ತಾನೆ. ಮೊದ್ಲು ಅವನು ಹೋಗ್ಲಿ."

ಅವನ ಹಿಂದೆ ಮತ್ತೊಂದು ಕಾರು ನಿಂತಿತು. ಆ ಕಡೆಯಿಂದ ಬಂದ ವ್ಯಾನೂ ನಿಂತಿತು. ಒಬ್ಬರೂ ಹಾರ್ನ್ ಮಾಡಲಿಲ್ಲ. ನಾನು ಕಂಡಕ್ಟರನಂತೆ "ರೈಟ್, ರೈಟ್" ಎನ್ನುತ್ತ ಎರಡೂ ಕೈ ಬೀಸಿದಷ್ಟೂ ಅವರು ತಾಳ್ಮೆಯಿಂದ ಕಾದರು. ಹಿಂದಿನಿಂದ ನಮ್ಮ ತಂಡದ ಪಂಚಾಕ್ಷರಯ್ಯನವರು ಕೂಗಿದರು:

"ಮೇಷ್ಟ್ರೇ, ದಾಟ್ತೀರೋ, ಇಲ್ಲಾ ಆ ಪೊಲೀಸಪ್ಪನ್ನ ಊಟಕ್ಕೆ ಕಳಿಸಿ ನೀವೇ ಡ್ಯೂಟಿ ಮಾಡ್ತೀರೋ?"

ಕೈ ಬೀಸುವ ಭರದಲ್ಲಿ ನಾನು ಅಕ್ಕನ ಮಣಿಕಟ್ಟು ಬಿಟ್ಟಿದ್ದೆ. ತಿರುಗಿ ನೋಡಿದರೆ ಅವಳು ಪಕ್ಕದಲ್ಲಿರಲಿಲ್ಲ; ರಸ್ತೆಯ ನಡುವೆ ಇದ್ದಳು. ಅಲ್ಲಿ ಒಮ್ಮೆ ನಿಂತಳು. ಕಾಲು ಕೈಕೊಟ್ಟಿತೆಂದುಕೊಂಡೆ. ಅವಳು ಕಾರಿನವನ ಕಡೆ ತಿರುಗಿ ಕೈಮುಗಿದು, ಸೆರಗು ಸರಿಮಾಡಿಕೊಂಡು ಮುಂದೆ ನಡೆದಳು.

ಈಗ ನನ್ನ ಸರದಿ. ಹೆಜ್ಜೆ ಮುಂದಿಟ್ಟೆ, ಕಾರು ನಿಂತಿತು. ಅನುಮಾನದಿಂದ ಹಿಂದೆ ಸರಿದೆ, ಕಾರು ಹೊರಟಿತು. ಮತ್ತೆ ಮುಂದಿಟ್ಟೆ, ಮತ್ತೆ ನಿಂತಿತು. ಮಲಗಿದ್ದ ಒಂದು ನಾಯಿ ಎದ್ದು ಕೂತು ನನ್ನನ್ನೇ ನೋಡತೊಡಗಿತು.

"ಅಲ್ಲೇ ಇರೋ! ನಾನೇ ಬರ್ತೀನಿ!" ಎಂದು ಅಕ್ಕ ಆಚೆಯಿಂದ ಕೂಗಿದಳು. ಬಂದಳು ಕೂಡ. ನನ್ನನ್ನು ಕರೆದುಕೊಂಡು ಹೋದಳು. ಚೀಲ ಕೊಂಡ ಮೇಲೂ ಏನೂ ಕೆಲಸವಿಲ್ಲದೆ ಆ ರಸ್ತೆಯನ್ನು ಸಾಯಂಕಾಲದವರೆಗೆ ಹಿಂದಕ್ಕೂ ಮುಂದಕ್ಕೂ ದಾಟುತ್ತಲೇ ಇದ್ದಳು. ನಾನು ಬೆಂಚಿನ ಮೇಲೆ ಚೀಲ ಕಾಯುತ್ತ ಕೂತಿದ್ದೆ.

ಊರಿಗೆ ಬಂದ ಮರುದಿನ ಆಂಡಾಳಮ್ಮನಿಗೆ ಚೀಲ ಕೊಡಬೇಕಿತ್ತು; ನಾನೇ ಬೇಗ ಅಕ್ಕನ ಮನೆಗೆ ಹೋದೆ. ಥಿಂಪುವೇ ಬೇರೆ, ಇದೇ ಬೇರೆ. ನಾನಿಲ್ಲದೆ ಆಗದೆಂದು ಒಳಗೊಳಗೇ ಸಮಾಧಾನವಿತ್ತು. ರಸ್ತೆ ಎಂದಿನಂತೆ ಭೋರ್ಗರೆಯುತ್ತಿತ್ತು. ಅಭ್ಯಾಸಬಲದಿಂದ ಕೈ ನೀಡಿದೆ.

"ಕೈಯೆಲ್ಲ ಬೇಡ" ಎಂದಳು ಅಕ್ಕ. "ಬರೋ ಗಾಡಿಗಳನ್ನ ನಾನು ನೋಡ್ಕೋತೀನಿ. ಒನ್‌ವೇಲಿ ಎದುರಿಂದ ನುಗ್ತಾರಲ್ಲ, ಅವರನ್ನ ಮಾತ್ರ ನೀನು ನೋಡು."

ಸಿಕ್ಕಿದ ಕೆಲಸವನ್ನು ಶ್ರದ್ಧೆಯಿಂದ ಮಾಡಿದೆ. ಒಂದು ಸ್ಕೂಟರು ತಪ್ಪು ದಿಕ್ಕಿನಿಂದ ಬಂದೇಬಂತು. "ಬಂತು ಅಕ್ಕ" ಎಂದೆ. ಅವಳು ನಿಂತು, ಅದಕ್ಕೆ ದಾರಿ ಬಿಟ್ಟು, "ಥೂ, ಕಣ್ಣು ಕಾಣಲ್ವೇನೋ" ಎಂದು ಬೈದು ದಾಟಿದಳು. ನಾನು ಅವಳ ಹಿಂದೆ ಹೋದೆ.